ನಿಮ್ಮ ಕಥೆಯನ್ನೇ ಕುಣಿಯಬೇಕಾ? ಕೆಲಸದಿಂದ ಶುರು ಮಾಡಿ

ಮಹಿಳಾ ಸಂಘದಲ್ಲಿ ಸಿನಿಮಾ ಹಾಡಿನ ಸ್ಟೆಪ್ ಹಾಕಬಹುದು. ಆದರೆ ಅದರಲ್ಲಿ ನಿಮ್ಮ ಕಥೆ ಇರುವುದಿಲ್ಲ, ಅಲ್ವಾ? ದಿನದ ಕೆಲಸದಿಂದ ಶುರು ಮಾಡಿ. ಶಿಡ್ಲಘಟ್ಟದ ಕಡೆಯವರಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹಣ್ಣಾದ ರೇಷ್ಮೆ ಹುಳು ಆರಿಸಿ ಅವು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡುವುದು ಕೈಗೇ ಗೊತ್ತು. ಬೆರಳು ಹೇಗೆ ಬಾಗುತ್ತದೆ, ಸೊಂಟ ಎಲ್ಲಿ ಹಿಡಿದುಕೊಳ್ಳುತ್ತದೆ, ಗೂಡಿನ ರೇಟು ಬಿದ್ದ ದಿನ ಹೆಗಲು ಹೇಗಿತ್ತು, ಅದನ್ನೇ ತಾಳಕ್ಕೆ ಕೂರಿಸಿ. ಒಬ್ಬರು ಮಾಡಿದ್ದನ್ನು ಉಳಿದವರು ಹಾಗೇ ಮಾಡಲಿ. ಮಧ್ಯೆ ‘ಯಾಕೆ, ಏನಾಯ್ತು’ ಅಂತ ಕೆದಕಬೇಡಿ. ಹೇಳಬೇಕು ಅನ್ನಿಸಿದವರು ಆಮೇಲೆ ಟೀ ಕುಡಿಯುವಾಗ ತಾವೇ ಹೇಳುತ್ತಾರೆ. ಸ್ಪೀಕರ್ ಬೇಡ, ತಮಟೆ ಸಾಕು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೇ! ಮಂಡಿ ನೋವಿರುವ ಅಜ್ಜಿಯರಿಗೆ ಕುರ್ಚಿ ಹಾಕಿ, ಕೂತೇ ಕೈಯಾಡಿಸಲಿ.