ತುಕ್ಕಿಗೆ ಬಗ್ಗದ ಹುರುಳಿಕಾಯಿ: ತಳಿ ಮಾಡುವ ಬಗೆ

ಕಾರ್ತಿಕದ ಇಬ್ಬನಿ ಶುರುವಾದ ಮೇಲೆ ಮೈಸೂರು, ಮಂಡ್ಯ ಸೀಮೆಯ ಹುರುಳಿಕಾಯಿ ತಾಕಿನಲ್ಲಿ ಎಲೆಯೊಂದನ್ನು ಮಗುಚಿ ಬೆರಳಾಡಿಸಿದರೆ ಇಟ್ಟಿಗೆ ಪುಡಿಯಂಥ ಕಂದು ಬಣ್ಣ ಅಂಟಿಕೊಳ್ಳುವುದುಂಟು. ಅದೇ ತುಕ್ಕು ರೋಗ. ಔಷಧ ಸಿಂಪಡಿಸಿ ಒಂದು ಬೆಳೆ ಉಳಿಸಿಕೊಳ್ಳಬಹುದು. ಆದರೆ ರೋಗ ತಡೆಯುವ ಗುಣ ಬೀಜದಲ್ಲೇ ಇರಬೇಕೆಂದರೆ ಮೂರೂವರೆ ವರ್ಷ ತಾಳ್ಮೆ ಬೇಕು.

ಮೊದಲು ಜೋಡಿಯನ್ನು ಆರಿಸಿಕೊಳ್ಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನೂಪ್’ ತುಕ್ಕು ಮತ್ತು ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾದಿಂದ ಎಲೆ ಒಣಗುವ ರೋಗ) ಎರಡನ್ನೂ ತಡೆಯುವ ಗಿಡ್ಡ ತಳಿ. ಅದನ್ನು ತಾಯಿಯಾಗಿಯೂ, ರುಚಿಗೆ ನೀವು ಮೆಚ್ಚಿದ ನಾಟಿ ಬಳ್ಳಿ ತಳಿಯನ್ನು ತಂದೆಯಾಗಿಯೂ ಇಟ್ಟುಕೊಳ್ಳುವುದು ಲೇಸು. ಈ ಕ್ರಮದ ಅನುಕೂಲ ಮುಂದೆ ತಿಳಿಯುತ್ತದೆ. ಬಿಸಿಲು ಏರಿದರೆ ಹೂವು ಉದುರುವುದರಿಂದ ಸೆಪ್ಟೆಂಬರ್ ಕೊನೆಗೆ ಬಿತ್ತಿ, ನವೆಂಬರ್‌ನಲ್ಲಿ ಸಂಕರ ಮಾಡಿ.

ಹುರುಳಿಕಾಯಿಯ ಹೂವು ಅರಳುವ ಹೊತ್ತಿಗೇ ತನ್ನ ಪರಾಗವನ್ನು ತಾನೇ ಹಚ್ಚಿಕೊಂಡಿರುತ್ತದೆ. ಆದ್ದರಿಂದ ನಾಳೆ ಅರಳಲಿರುವ ಉಬ್ಬಿದ ಮೊಗ್ಗನ್ನು ಇಂದು ಸಂಜೆಯೇ ಹಿಡಿಯಬೇಕು. ಸೂಜಿಯಿಂದ ಹೊರ ಎಸಳುಗಳನ್ನು ಸರಿಸಿದರೆ, ಒಳಗೆ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಎಸಳು ಕಾಣುತ್ತದೆ. ಅದನ್ನು ಬಿಡಿಸಿ ಹತ್ತು ಕೇಸರಗಳನ್ನೂ ಚಿಮಟದಿಂದ ತೆಗೆಯಿರಿ. ಮರುದಿನ ಬೆಳಿಗ್ಗೆ ತಂದೆ ಗಿಡದ ಹೊಸ ಹೂವಿನ ಪಕ್ಕದ ಎಸಳುಗಳನ್ನು ಕೆಳಕ್ಕೆ ಒತ್ತಿದಾಗ ಪರಾಗ ಮೆತ್ತಿಕೊಂಡ ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ) ಹೊರಚಾಚುತ್ತದೆ; ಅದನ್ನು ಕಿತ್ತು ತಾಯಿ ಹೂವಿನ ಶಲಾಕಾಗ್ರಕ್ಕೆ ಕೊಕ್ಕೆಯಂತೆ ಸಿಕ್ಕಿಸಿಬಿಡಿ. ತೊಟ್ಟಿಗೆ ಚೀಟಿ ಕಟ್ಟಿ, ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಒಂದೇ ಮಳೆಗೆ ತೊಳೆದುಹೋಗಿ, ನನ್ನ ಒಂದು ಹಂಗಾಮಿನ ಕೆಲಸವೆಲ್ಲ ಹಾಳಾಗಿದೆ.

ಆ ಬೀಜ ಬಿತ್ತಿದಾಗ ಬಳ್ಳಿ ಹಬ್ಬಿದರೆ ಸಂಕರ ಫಲಿಸಿದಂತೆ, ಏಕೆಂದರೆ ಬಳ್ಳಿ ಗುಣ ಪ್ರಬಲ, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಕಾಣಿಸಿಕೊಳ್ಳುವಂಥದ್ದು. ಗಿಡ್ಡವಾಗಿಯೇ ಉಳಿದದ್ದು ತಾಯಿಯ ಸ್ವಂತ ಪರಾಗದ ಸಂತತಿ, ಅದನ್ನು ಕಿತ್ತುಹಾಕಿ.

ನಿಜವಾದ ಪರೀಕ್ಷೆ ಎರಡನೇ ಪೀಳಿಗೆಯಲ್ಲಿ, ಅಂದರೆ ಈ ಸಂಕರ ಬಳ್ಳಿಗಳು ತಮ್ಮದೇ ಪರಾಗದಿಂದ ಕಟ್ಟಿದ ಬೀಜವನ್ನು ಬಿತ್ತಿದಾಗ. ಇನ್ನೂರು ಗಿಡಗಳಾದರೂ ಇರಲಿ. ತಾಕಿನ ಸುತ್ತಲೂ, ನಾಲ್ಕೈದು ಸಾಲುಗಳ ನಡುವೆಯೂ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯನ್ನು ಬೇಕೆಂದೇ ಬಿತ್ತಿ. ತುಕ್ಕು ಹಿಡಿದ ಎಲೆಗಳ ಪುಡಿಯನ್ನು ಸೋಪಿನ ಒಂದು ಹನಿ ಬೆರೆತ ನೀರಿನಲ್ಲಿ ಕದಡಿ, ಸಂಜೆ ಎಲೆಗಳ ಅಡಿಗೆ ಸಿಂಪಡಿಸಿ, ರಾತ್ರಿಯಿಡೀ ತೇವ ಆರದಂತೆ ಪಾಲಿಥೀನ್ ಹೊದಿಸಿ. ರೋಗವನ್ನು ಹೀಗೆ ಕರೆದು ತರುವುದು ನೆರೆಹೊರೆಯವರಿಗೆ ಹುಚ್ಚೆನಿಸಬಹುದು (ಅವರ ಹುರುಳಿಕಾಯಿ ತಾಕು ಪಕ್ಕದಲ್ಲೇ ಇದ್ದರೆ ಮಾಡಲೇಬೇಡಿ). ಆದರೆ ರೋಗ ಸೋಕದೆ ಹಸಿರಾಗಿ ನಿಂತ ಗಿಡ ನಿರೋಧಕವೋ, ಬರೀ ತಪ್ಪಿಸಿಕೊಂಡದ್ದೋ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಈ ತಾಕಿಗೆ ಶಿಲೀಂಧ್ರನಾಶಕ ಸಿಂಪಡಿಸಲೇಬಾರದು.

ಎರಡು ವಾರಗಳ ನಂತರ ಎಲೆ ಮಗುಚಿ ನೋಡಿ. ಪುಡಿ ತುಂಬಿದ ದೊಡ್ಡ ಬೊಕ್ಕೆಗಳಿದ್ದರೆ ಆ ಗಿಡ ಬೇಡ. ಸೂಜಿ ಮೊನೆಯಷ್ಟೇ ಒಣಗಿದ ಚುಕ್ಕೆಯಿದ್ದು ಪುಡಿಯಿಲ್ಲದಿದ್ದರೆ, ಗಿಡ ತನ್ನ ಕೆಲವು ಜೀವಕೋಶಗಳನ್ನು ತಾನೇ ಸಾಯಿಸಿ ಶಿಲೀಂಧ್ರವನ್ನು ತಡೆದಿದೆ. ಅದೇ ನಮಗೆ ಬೇಕಾದದ್ದು. ನಿರೋಧಕತೆಗೆ ಒಂದೇ ಪ್ರಬಲ ವಂಶವಾಹಿ ಕಾರಣವಾಗಿದ್ದರೆ ಇನ್ನೂರರಲ್ಲಿ ಸುಮಾರು ನೂರೈವತ್ತು ಉಳಿಯುತ್ತವೆ. ಅವುಗಳಲ್ಲಿ ಕಾಯಿಯ ಗುಣವೂ ಚೆನ್ನಾಗಿರುವುದನ್ನು ಮಾತ್ರ ಇಟ್ಟುಕೊಳ್ಳಿ. ಎಲೆ ಮುದುಡಿ ಮೊಸಾಯಿಕ್ (ಎಲೆಯಲ್ಲಿ ತಿಳಿ, ಕಡು ಹಸಿರಿನ ಮಚ್ಚೆ ಮೂಡಿಸುವ ವೈರಸ್ ರೋಗ) ಬಂದಿದ್ದರೆ ಆ ಗಿಡವನ್ನೂ ಬಿಡಿ, ಏಕೆಂದರೆ ಆ ನಂಜು ಬೀಜದ ಮೂಲಕ ಹರಡಬಲ್ಲದು.

ಒಂದೊಂದು ಗಿಡದ ಬೀಜವನ್ನೂ ಬೇರೆಯಾಗಿಟ್ಟು, ಮರು ಹಂಗಾಮಿನಲ್ಲಿ ಗಿಡಕ್ಕೊಂದು ಸಾಲಿನಂತೆ, ಸಾಲಿಗೆ 16 ಬೀಜಕ್ಕೆ ಕಡಿಮೆಯಾಗದಂತೆ ಬಿತ್ತಿ. ಸಾಲು ಪೂರ್ತಿ ರೋಗ ತಡೆದರೆ ಆ ಗುಣ ಸ್ಥಿರವಾಗಿದೆ ಎನ್ನಬಹುದು. ಬೆರಕೆ ಕಂಡರೆ ಮತ್ತೆ ಆರಿಸಬೇಕು. ಆರನೇ ಪೀಳಿಗೆಯವರೆಗೂ ಇದೇ ಕೆಲಸ. ತುಕ್ಕಿನ ಶಿಲೀಂಧ್ರದಲ್ಲೂ ನಾನಾ ಬಗೆಗಳಿದ್ದು, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದಾದ್ದರಿಂದ, ಕೊನೆಗೆ ಉಳಿದ ಬೀಜವನ್ನು ಎರಡು ಪಾಲು ಮಾಡಿ, ತಂಪಿನ ಹುಣಸೂರು ಕಡೆ ಒಂದನ್ನೂ ನಾಲೆಯ ಬಯಲಿನ ಮಂಡ್ಯದಲ್ಲಿ ಇನ್ನೊಂದನ್ನೂ ಒಂದೇ ವಾರದಲ್ಲಿ ಬಿತ್ತಿ ಹೋಲಿಸಿ ನೋಡಿ.