ಆಪ್ಷನ್ ಎಂಟ್ರಿಗೆ ಮೊದಲು ನಾನು ಮಾಡಿದ್ದು

2019ರಲ್ಲಿ ನಾನು ದ್ವಿತೀಯ ಪಿಯುಸಿ ಮುಗಿಸಿದಾಗ ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅಷ್ಟಕ್ಕೇ ಮನೆಯವರೆಲ್ಲ ಎಂಜಿನಿಯರಿಂಗ್ ಎಂದು ಮಾತಾಡತೊಡಗಿದರು. ಆದರೆ ದಿನವಿಡೀ ಯಾವ ಕೆಲಸ ಮಾಡಿದರೆ ನನಗೆ ಬೇಸರ ಬರುವುದಿಲ್ಲ ಎಂದು ಅಂಕಪಟ್ಟಿ ಹೇಳುವುದಿಲ್ಲ ಅಲ್ವಾ? ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ನಂತರ, ಬೇಕಾದ ಕೋರ್ಸು ಮತ್ತು ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಆಪ್ಷನ್ ಎಂಟ್ರಿಗೆ ಮೊದಲು ಅದನ್ನು ನಾನೇ ಹುಡುಕಬೇಕಿತ್ತು. ಪಿಯು ಓದುವಾಗಲೇ ಒಂದು ನೋಟ್‌ಬುಕ್ ಇಟ್ಟಿದ್ದೆ.

ಅದರಲ್ಲಿ ನನಗೇನು ಇಷ್ಟ ಎಂದು ಬರೆಯಲಿಲ್ಲ. ಇಷ್ಟಗಳು ತಿಂಗಳಿಗೊಂದು ಬದಲಾಗುತ್ತವೆ. ಯಾರು, ಯಾವ ಕೆಲಸಕ್ಕೆ ನನ್ನನ್ನು ಹುಡುಕಿಕೊಂಡು ಬಂದರು ಎಂದು ಬರೆದೆ. ನಮ್ಮದು ಹಾವೇರಿ ಕಡೆಯ ಹಳ್ಳಿ, ಗೋವಿನಜೋಳ ಮತ್ತು ಹತ್ತಿ ಬೆಳೆಯುವ ಊರು. ಬೆಳೆ ವಿಮೆಯ ಅರ್ಜಿ ಇರಲಿ, ಬೆಳೆಗೆ ಹೊಡೆಯುವ ಔಷಧದ ಬಾಟಲಿ ಇರಲಿ, "ಇದನ್ನ ಸ್ವಲ್ಪ ಓದಿ ಹೇಳವಾ ತಂಗಿ" ಎಂದು ನಮ್ಮ ಕಟ್ಟೆಗೆ ಬರುತ್ತಿದ್ದರು. ಬಾಟಲಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಇದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಇದನ್ನು ವಿವರಿಸಿ, ಒಂದು ಪಂಪಿಗೆ ಎಷ್ಟು ಔಷಧ ಹಾಕಬೇಕು ಎಂದು ಲೆಕ್ಕ ಹಾಕಿಕೊಡುತ್ತಿದ್ದೆ. ಪುಟ ತಿರುವಿದಂತೆಲ್ಲ ಇಂಥದ್ದೇ ಕಾಣಿಸಿತು. ಕಷ್ಟದ ವಿಷಯವನ್ನು ತಾಳ್ಮೆಯಿಂದ, ಸರಳವಾಗಿ ಹೇಳುವುದು ನನಗೆ ಬರುತ್ತದೆ. ಸಲೀಸಾಗಿ ಬರುತ್ತಿದ್ದುದರಿಂದ ಅದೂ ಒಂದು ಸಾಮರ್ಥ್ಯ ಎಂದು ನನಗೆ ಅನ್ನಿಸಿರಲೇ ಇಲ್ಲ.

ಬದುಕಿನಲ್ಲಿ ಯಾವುದು ಮುಖ್ಯ ಎಂದು ತಿಳಿಯುವುದು ಇದಕ್ಕಿಂತ ಕಷ್ಟವಾಯಿತು. ಸುಮ್ನೆ ಕೇಳಿದರೆ ಸಂಬಳ, ನೆಮ್ಮದಿ, ಗೌರವ ಎಲ್ಲವೂ ಬೇಕು ಅನ್ನಿಸುತ್ತದೆ. ಅದಕ್ಕೇ ಎರಡೆರಡನ್ನು ಎದುರುಬದುರು ಇಟ್ಟೆ. ಸಂಬಳ ಜಾಸ್ತಿ, ಆದರೆ ಇಡೀ ದಿನ ಒಂದೇ ಕುರ್ಚಿ; ಸಂಬಳ ಕಡಿಮೆ, ಆದರೆ ಜನರ ನಡುವೆ ಓಡಾಟ. ಯಾವುದನ್ನು ಬಿಟ್ಟುಕೊಡಬಲ್ಲೆ? ಕೊನೆಗೆ ಮೂರು ಉಳಿದವು. ರೈತರ ಜೊತೆ ನೇರ ಕೆಲಸ, ಹೊಲದಲ್ಲಿ ಓಡಾಟ, ಅಪ್ಪನಿಗೆ ಸಾಲವಾಗದ ಓದು. ತಮ್ಮನೂ ಓದಬೇಕಿತ್ತು.

ಇಷ್ಟಾದ ಮೇಲೆ ಕೆಲಸವನ್ನು ಕಣ್ಣಾರೆ ನೋಡಲು ಹೋದೆ. ಪಶು ಆಸ್ಪತ್ರೆಯ ಡಾಕ್ಟರ ಜೊತೆ ಓಡಾಡಿದೆ. ಕೆಲಸದ ಮೇಲೆ ಗೌರವ ಮೂಡಿತು, ಆದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ನಮ್ಮ ಮನೆಗೆ ಉದ್ದವಾಗುತ್ತಿತ್ತು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೋದೆ. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಾಣಿಸಿಕೊಂಡ, ಬೆಳೆ ತಿನ್ನುವ ಫಾಲ್ ಸೈನಿಕ ಹುಳು ಆಗ ನಮ್ಮ ಗೋವಿನಜೋಳಕ್ಕೂ ಬಂದಿತ್ತು. ವಿಜ್ಞಾನಿಯೊಬ್ಬರು ಸುಳಿ ಬಿಡಿಸಿ, ಹುಳದ ತಲೆಯ ಮೇಲಿನ ತಲೆಕೆಳಗಾದ ವೈ ಆಕಾರದ ಗುರುತು ತೋರಿಸಿ ರೈತರಿಗೆ ವಿವರಿಸುತ್ತಿದ್ದರು. ನಾನು ಕಟ್ಟೆಯ ಮೇಲೆ ಮಾಡುತ್ತಿದ್ದ ಕೆಲಸವೇ ಅದು! ಅದಕ್ಕೆ ಬೇಕಾದ ಓದು ನನಗಿರಲಿಲ್ಲ, ಅಷ್ಟೇ.

ಸಿಇಟಿಯಲ್ಲಿ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಅರ್ಜಿ ಹಾಕಿದೆ. ಹೊಲದಲ್ಲಿ ಬೆಳೆದ ಮಕ್ಕಳು ಇದನ್ನು ಬಿಡಲೇಬಾರದು. ಆಪ್ಷನ್ ಎಂಟ್ರಿಯಲ್ಲಿ ಕ್ರಮ ಬಹಳ ಮುಖ್ಯ. ನಮ್ಮ ರ‍್ಯಾಂಕಿಗೆ ಸಿಗುವ ಸೀಟುಗಳಲ್ಲಿ ಪಟ್ಟಿಯಲ್ಲಿ ಯಾವುದು ಮೇಲಿದೆಯೋ ಅದೇ ಬರುತ್ತದೆ. ಹೋದ ವರ್ಷದ ಕಟಾಫ್ ನೋಡಿ ಅಂಜಿ ಬೇಕಾದ್ದನ್ನು ಕೆಳಗೆ ತಳ್ಳಬೇಡಿ. ಧಾರವಾಡದ ಬಿ.ಎಸ್ಸಿ. ಕೃಷಿಯನ್ನು ಮೊದಲು, ಶಿರಸಿಯ ಅರಣ್ಯ ಕಾಲೇಜನ್ನು ನಂತರ ಹಾಕಿದೆ. ಎಂಜಿನಿಯರಿಂಗ್ ಮೇಲೆ ಇರಲಿ ಎಂದು ಕಾಕಾ ಹಟ ಹಿಡಿದಾಗ ನೋಟ್‌ಬುಕ್ಕನ್ನೇ ಅವರ ಕೈಗೆ ಕೊಟ್ಟೆ. ಓದಿ, "ನಿನ್ನಿಷ್ಟದಂಗ ಹಾಕವಾ" ಎಂದರು.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಶಿರಸಿ ಬಂತು. ಆ ಸೀಟು ಕೈಯಲ್ಲಿಟ್ಟುಕೊಂಡೇ ಮೇಲಿನದಕ್ಕೆ ಕಾಯಲು ಚಾಯ್ಸ್ 2 ಒತ್ತಿದೆ. ಎರಡನೇ ಸುತ್ತಿನಲ್ಲಿ ಧಾರವಾಡ ಸಿಕ್ಕಿತು. ನಾಲ್ಕನೇ ವರ್ಷ ಹಳ್ಳಿಯಲ್ಲೇ ಉಳಿದು ರೈತರೊಂದಿಗೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಬಂದಾಗ, ಲ್ಯಾಬಿಗಿಂತ ಅದೇ ನನಗೆ ಹಿಡಿಸಿತು. ಎಂ.ಎಸ್ಸಿ.ಗೆ ಕೀಟಶಾಸ್ತ್ರ ತಗೋ ಎಂದು ಹಲವರು ಹೇಳಿದರೂ ಕೃಷಿಯ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವ ಕೃಷಿ ವಿಸ್ತರಣೆಯನ್ನೇ ನಾನು ಆರಿಸಿಕೊಂಡೆ.