ಹಳೆಯ ಕೋಡಿಗೆ ಶೈಲಿ ತಪಾಸಣೆ ಅಳವಡಿಸಿದ ನನ್ನ ಅನುಭವ

ನಮ್ಮ ಪೈಥಾನ್ ಪ್ರಾಜೆಕ್ಟಿನ ಕೋಡ್ ರಿವ್ಯೂಗಳಲ್ಲಿ ಖಾಲಿ ಜಾಗ, ಉದ್ಧರಣ ಚಿಹ್ನೆ ಮತ್ತು ಸಾಲಿನ ಉದ್ದದ ಚರ್ಚೆಯೇ ಹೆಚ್ಚಾಗಿ, ತರ್ಕದ ದೋಷಗಳು ಕಣ್ತಪ್ಪಿ ಹೋಗುತ್ತಿದ್ದವು. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟಾಗ, ಯಂತ್ರವೇ ತಿದ್ದಬಲ್ಲ ಸಂಗತಿಗಳನ್ನು, ಕೋಡನ್ನು ತಾನೇ ಒಂದೇ ಶೈಲಿಗೆ ತರುವ ಬ್ಲ್ಯಾಕ್ ಎಂಬ ಸಾಧನಕ್ಕೂ, ಅದು ತೋರಿಸಿಕೊಡಲಷ್ಟೇ ಬಲ್ಲವುಗಳನ್ನು, ದೋಷಗಳನ್ನು ಪಟ್ಟಿ ಮಾಡುವ ಫ್ಲೇಕ್8 ಎಂಬ ಸಾಧನಕ್ಕೂ ಹಂಚಿದೆ. ಇವೆರಡಕ್ಕೂ ಮೂಲತಃ ಹೊಂದಾಣಿಕೆಯಿಲ್ಲ. ಫ್ಲೇಕ್8 ಪೈಥಾನಿನ ಅಧಿಕೃತ ಶೈಲಿ ಮಾರ್ಗಸೂಚಿಯಾದ ಪೆಪ್ 8ರಂತೆ ಸಾಲಿಗೆ 79 ಅಕ್ಷರಗಳ ಮಿತಿ ಹಾಕಿದರೆ, ಬ್ಲ್ಯಾಕ್ 88ರವರೆಗೆ ಬಿಡುತ್ತದೆ. ಆದ್ದರಿಂದ ಮಿತಿಯನ್ನು 88ಕ್ಕೆ ಏರಿಸಿ, ಬ್ಲ್ಯಾಕ್‌ನ ಬರವಣಿಗೆಗೆ ಒಗ್ಗದ, ಕೋಲನ್‌ನಂಥ ಚಿಹ್ನೆಗಳ ಮುಂಚಿನ ಖಾಲಿ ಜಾಗವನ್ನು ತಪ್ಪೆನ್ನುವ ಇ203 ನಿಯಮವನ್ನು ಕೈಬಿಟ್ಟೆ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಹಳೆಯ ಕೋಡಿನ ವಿಷಯದಲ್ಲಿ. ಕಡತಗಳನ್ನು ಮುಟ್ಟಿದಾಗಲೆಲ್ಲ ಸ್ವಲ್ಪಸ್ವಲ್ಪ ಸರಿಪಡಿಸೋಣವೆಂಬ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಆಗ ಪ್ರತಿಯೊಂದು ಬದಲಾವಣೆಯಲ್ಲೂ ನಿಜವಾದ ತಿದ್ದುಪಡಿ ಶೈಲಿಯ ತಿದ್ದುಪಡಿಗಳ ನಡುವೆ ಹುದುಗಿಹೋಗುತ್ತದೆ. ಬಾಕಿಯಿದ್ದ ಬ್ರಾಂಚ್‌ಗಳನ್ನು (ಪ್ರತ್ಯೇಕವಾಗಿ ನಡೆಯುತ್ತಿದ್ದ ಬದಲಾವಣೆಗಳನ್ನು) ಮೊದಲು ಮುಖ್ಯ ಕೋಡಿಗೆ ಮರ್ಜ್ ಮಾಡಿಸಿ, ಕೈಯಿಂದ ಒಂದಕ್ಷರವನ್ನೂ ಸೇರಿಸದೆ, ಇಡೀ ಕೋಡನ್ನು ಒಂದೇ ಕಮಿಟ್‌ನಲ್ಲಿ (ಒಟ್ಟಾಗಿ ದಾಖಲಾಗುವ ಬದಲಾವಣೆಯಲ್ಲಿ) ಬ್ಲ್ಯಾಕ್‌ಗೆ ಒಳಪಡಿಸಿದೆ. ತಿದ್ದುವ ಮೊದಲಿನ ಮತ್ತು ನಂತರದ ಸಿಂಟ್ಯಾಕ್ಸ್ ಟ್ರೀಗಳನ್ನು (ಕೋಡಿನ ವ್ಯಾಕರಣ ರಚನೆಯನ್ನು) ಬ್ಲ್ಯಾಕ್ ತಾನೇ ಹೋಲಿಸಿ ನೋಡುವುದರಿಂದ ಪ್ರೋಗ್ರಾಮಿನ ಅರ್ಥ ಕೆಡುವ ಭಯವಿರಲಿಲ್ಲ. ಆದರೆ ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ, ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಬಹುತೇಕ ಸಾಲುಗಳು ನನ್ನ ಹೆಸರಿಗೇ ಬರುತ್ತಿದ್ದವು! 2019ರಲ್ಲಿ ಬಂದ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು ಕಡತವೊಂದರಲ್ಲಿ ಪಟ್ಟಿ ಮಾಡಿ ಬ್ಲೇಮ್‌ಗೆ ಕಾಣದಂತೆ ಮಾಡಬಹುದು. ನಾನೂ ಅದನ್ನೇ ಮಾಡಿದೆ.

ಕಮಿಟ್ ಮಾಡುವ ಮುನ್ನ ನಮ್ಮ ಕಂಪ್ಯೂಟರಿನಲ್ಲೇ ತಾನಾಗಿ ಓಡುವ ತಪಾಸಣೆಯಾದ ಪ್ರಿ-ಕಮಿಟ್ ಹುಕ್ ಬದಲಾದ ಕಡತಗಳನ್ನಷ್ಟೇ ನೋಡುವುದರಿಂದ ಬೇಗ ಮುಗಿಯುತ್ತದೆ. ಆದರೂ ನೋ-ವೆರಿಫೈ ಆಯ್ಕೆಯಿಂದ ಯಾರು ಬೇಕಾದರೂ ಅದನ್ನು ದಾಟಬಹುದಾದ ಕಾರಣ, ನಾನದನ್ನು ಅನುಕೂಲವೆಂದು ಮಾತ್ರ ಎಣಿಸಿ, ಕೊನೆಯ ತೀರ್ಮಾನವನ್ನು ಪ್ರತಿ ಬದಲಾವಣೆಯನ್ನೂ ಸರ್ವರಿನಲ್ಲಿ ತಾನಾಗಿ ಪರೀಕ್ಷಿಸುವ ಸಿಐ ವ್ಯವಸ್ಥೆಗೆ ಬಿಟ್ಟೆ. ಅಲ್ಲಿ ಬ್ಲ್ಯಾಕ್ ಏನನ್ನೂ ತಿದ್ದದೆ ಎಲ್ಲ ಕಡತಗಳನ್ನು ಪರೀಕ್ಷಿಸಿ, ವ್ಯತ್ಯಾಸವಿದ್ದರೆ ಬಿಲ್ಡನ್ನು ನಿಲ್ಲಿಸುತ್ತದೆ. ಬ್ಲ್ಯಾಕ್‌ನ ಸ್ಥಿರ ಶೈಲಿಯೂ ವರ್ಷಕ್ಕೊಮ್ಮೆ ಬದಲಾಗಬಹುದಾದ್ದರಿಂದ ಎರಡೂ ಕಡೆ ಒಂದೇ ಆವೃತ್ತಿಯನ್ನು ನಿಗದಿಪಡಿಸಿದ್ದೇನೆ.

ಫ್ಲೇಕ್8ರ ನಿಯಮಗಳಲ್ಲಿ ಮೊದಲು ಜಾರಿಗೆ ತಂದದ್ದು ಬಳಸದ ಇಂಪೋರ್ಟ್ ಮತ್ತು ವ್ಯಾಖ್ಯಾನಿಸದ ಹೆಸರುಗಳನ್ನು ಹಿಡಿಯುವಂಥವನ್ನು. ಎರಡನೆಯದಂತೂ ಶೈಲಿಗಿಂತ ಹೆಚ್ಚಾಗಿ ಬಗ್‌ಗಳನ್ನೇ ಹಿಡಿಯುತ್ತದೆ. ಯಾವುದಾದರೂ ಸಾಲಿಗೆ ವಿನಾಯಿತಿ ಬೇಕಾದರೆ ನಿಯಮದ ಸಂಕೇತವನ್ನು ಕಾಮೆಂಟಿನಲ್ಲಿ ಬರೆಯಲೇಬೇಕು, ಏಕೆಂದರೆ ಸಂಕೇತವಿಲ್ಲದ ವಿನಾಯಿತಿ ಆ ಸಾಲಿನ ಎಲ್ಲ ದೋಷಗಳನ್ನೂ ಮುಚ್ಚಿಹಾಕುತ್ತದೆ.